ಹಂದಿ ದೊಡ್ಡದು, ಗುಂಡು ಸಣ್ಣದು

ನಮ್ಮ ಹೊಲ ಸಂಡೂರು ತಾಲ್ಲೂಕಿನಲ್ಲಿ ಗುಡ್ಡದ ಬುಡಕ್ಕೆ ಅಂಟಿಕೊಂಡಿದೆ. ನಾಲ್ಕು ಎಕರೆ ಶೇಂಗಾ, ಬದುವಿನಾಚೆ ಎರಡು ಎಕರೆ ಮೆಕ್ಕೆಜೋಳ. ಶೇಂಗಾ ಕಾಯಿ ಬಲಿತದ್ದು ನಮಗಿಂತ ಮೊದಲು ಕಾಡುಹಂದಿಗಳಿಗೆ ತಿಳಿಯುತ್ತದೆ. ಏಳೆಂಟು ಹಂದಿಗಳ ಹಿಂಡು ಒಂದು ರಾತ್ರಿ ಇಳಿದರೆ ಬೆಳಗಾಗುವಷ್ಟರಲ್ಲಿ ಹೊಲ ರಂಟೆ ಹೊಡೆದಂತೆ ಕಾಣುತ್ತದೆ. ರಂಟೆಗಾದರೂ ಸಾಲಿನ ಅರಿವಿರುತ್ತದೆ, ಹಂದಿಯ ಮೂತಿಗೆ ಅದೂ ಇಲ್ಲ.

ಈ ಗೋಳನ್ನು ಕೇಳಿದಾಗಲೆಲ್ಲ ನಮ್ಮ ಸೋದರಮಾವ ಹೇಳುವುದು ಒಂದೇ ಮಾತು: "ಒಂದು ಟೂಟೂ ರೈಫಲ್ ತೆಗೆದುಕೋ ತಮ್ಮಾ. ಏಟು ದೊಡ್ಡದಿರಬೇಕಿಲ್ಲ, ಬೀಳುವ ಜಾಗ ಸರಿ ಇದ್ದರೆ ಸಾಕು." ಟೂಟೂ ಎಂದರೆ .22 ರೈಫಲ್, ನಳಿಗೆಯ ತೂತಿನ ಅಳತೆ ಸುಮಾರು 0.22 ಇಂಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮುಂಚೆ ಮಾವ ಹುಡುಗರಾಗಿದ್ದಾಗ ಮೊಲ, ಕೌಜುಗ ಹೊಡೆದವರು. ಆ ಅಧಿಕಾರದಿಂದಲೇ ಮಾತನಾಡುತ್ತಾರೆ. ಮೊಲಕ್ಕೂ ನೂರು ಕಿಲೋ ತೂಗುವ ಗಂಡು ಹಂದಿಗೂ ಇರುವ ವ್ಯತ್ಯಾಸವನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಒಂದು ಹಂದಿಯನ್ನೂ ಹೊಡೆದಿಲ್ಲ. ಬೆಳೆ ತಿನ್ನುವ ಪ್ರಾಣಿಯಾದರೂ ಅರಣ್ಯ ಇಲಾಖೆಯ ಅಧಿಕಾರಸ್ಥರ ಲಿಖಿತ ಅನುಮತಿ ಇಲ್ಲದೆ ಹೊಡೆದರೆ ಅದು ಬೇಟೆಯ ಅಪರಾಧವೇ. ಕಾಯ್ದೆಯ ಪ್ರಕಾರ ಗಾಯ ಮಾಡುವುದೂ ಬೇಟೆ, ಹೊಡೆಯಲು ಪ್ರಯತ್ನಿಸುವುದೂ ಬೇಟೆ. ಆದರೆ ಮಾವನ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಕೈಗೆ ಸಿಗಬಹುದಾದ ಬಂದೂಕುಗಳನ್ನು ಒಂದೊಂದಾಗಿ, ಹಲಗೆ, ಟೈರು, ಗಾಳಿ ಇವುಗಳ ಮೇಲೆಯೇ ಪ್ರಯೋಗಿಸಿ ನೋಡಿದೆ.

ಮೊದಲು ಏರ್ ಗನ್. .177 ಅಳತೆಯದು, 20 ಜೂಲ್‌ಗಿಂತ ಕಡಿಮೆ ಶಕ್ತಿಯದಾದರೆ ಪರವಾನಗಿ ಬೇಕಿಲ್ಲ. ಹಂದಿ ಕಾಟಕ್ಕೆ ಇದನ್ನು ಕೊಂಡವರು ನಮ್ಮ ಊರಿನಲ್ಲೇ ಮೂವರಿದ್ದಾರೆ. ಹಂದಿಯ ಚರ್ಮದ ಬದಲಿಗೆ ನಾನು ಆರಿಸಿಕೊಂಡದ್ದು ಬಂಡಿಯ ಹಳೆಯ ರಬ್ಬರ್ ಟೈರು. ಗಂಡು ಹಂದಿಯ ಭುಜದಿಂದ ಪಕ್ಕೆಯವರೆಗೆ ಚರ್ಮದ ಅಡಿಯಲ್ಲಿ ಗಟ್ಟಿಯಾದ ದಪ್ಪ ಪದರವೊಂದಿರುತ್ತದೆ. ಗಂಡುಗಳು ಕೋರೆಯಿಂದ ಇರಿದಾಡುವಾಗ ಅದೇ ಅವುಗಳ ಗುರಾಣಿ. ಟೈರು ಅದಕ್ಕೆ ಸಮನಲ್ಲ, ಆದರೂ ಒಂದು ಅಂದಾಜು ಸಿಗಲಿ ಎಂದುಕೊಂಡೆ. ಇಪ್ಪತ್ತು ಹೆಜ್ಜೆ ದೂರದಿಂದ ಹೊಡೆದ ಮೊದಲನೆಯ ಚರೆ ಟೈರಿಗೆ ತಾಗಿ, ಪುಟಿದು, ನನ್ನ ಚಪ್ಪಲಿಯ ಪಕ್ಕಕ್ಕೇ ಬಂದು ಬಿತ್ತು. ಪ್ರಯೋಗ ಅಲ್ಲಿಗೇ ಮುಗಿಯಿತು. ಅರ್ಧ ಗ್ರಾಂ ಸೀಸ ಅದು. ಅಣಬೆಯಂತೆ ಚಪ್ಪಟೆಯಾದ ಆ ಚರೆ ಇಂದಿಗೂ ನಮ್ಮ ಕಿಟಕಿಯ ಕಟ್ಟೆಯ ಮೇಲಿದೆ.

ಆಮೇಲೆ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಟ್ಟೆ. ಮಾವ ಹೇಳುವ ಟೂಟೂ ಕೈಗೆ ಬಂದದ್ದು ಅಲ್ಲಿ. ಮರಳಿನ ಚೀಲದ ಮೇಲೆ ನಳಿಗೆ ಇಟ್ಟು, ಹೊಟ್ಟೆಯ ಮೇಲೆ ಮಲಗಿ, 25 ಮೀಟರ್ ದೂರದ ಗುರಿಗೆ ಐದು ಗುಂಡು. ನಿಜ ಹೇಳಬೇಕೆಂದರೆ ಆ ರೈಫಲ್ ನನಗೆ ಬಹಳ ಹಿಡಿಸಿತು. ಭುಜಕ್ಕೆ ಒದೆ ಇಲ್ಲ, ಕಿವಿಗೆ ಪೆಟ್ಟಿಲ್ಲ, ಒಣ ಕಡ್ಡಿ ಮುರಿದಷ್ಟು ಸದ್ದು. ಐದು ತೂತುಗಳನ್ನೂ ಒಂದು ಅಂಗೈಯಿಂದ ಮುಚ್ಚಬಹುದಾಗಿತ್ತು. ಜೀವಮಾನದಲ್ಲಿ ಮೊದಲ ಸಲ ರೈಫಲ್ ಹಿಡಿದವನಿಗೆ ಇದು ತಲೆ ತಿರುಗಿಸುವ ಸಂಗತಿ. ಮಾವ ಹೇಳಿದ್ದು ಸರಿ ಇರಬಹುದು ಎಂದು ಆ ದಿನ ಊಟದ ಹೊತ್ತಿನವರೆಗೂ ನಂಬಿದ್ದೆ.

ಊಟದ ನಂತರ ತ್ರೀ ನಾಟ್ ತ್ರೀ ಬಂತು. ಹಳೆಯ ಪೊಲೀಸ್ ರೈಫಲ್, ಹಾರೆಯಷ್ಟು ತೂಕ. ಮೊದಲ ಗುಂಡಿಗೇ ಭುಜ ಕಳಚಿದಂತಾಯಿತು. ಮೂರನೆಯದಕ್ಕೆ ನಾನು ಕಣ್ಣು ಮುಚ್ಚಿ ಬಂದೂಕಿನ ಕುದುರೆ ಎಳೆಯುತ್ತಿದ್ದೇನೆ ಎಂಬುದು ನನಗಿಂತ ಮೊದಲು ತರಬೇತುದಾರರಿಗೆ ಗೊತ್ತಾಯಿತು. ಅವರು ಏನೂ ಹೇಳದೆ ನಾಲ್ಕನೆಯ ಸಲ ಖಾಲಿ ತೋಟಾ ತುಂಬಿ ಕೊಟ್ಟರು. ಕುದುರೆ ಎಳೆದೆ. ಸದ್ದಿಲ್ಲ, ಒದೆಯಿಲ್ಲ, ಆದರೂ ನಳಿಗೆಯ ತುದಿ ನಾಲ್ಕು ಬೆರಳು ಕೆಳಕ್ಕೆ ಬಗ್ಗಿತು. ಪಕ್ಕದಲ್ಲಿ ಮಲಗಿದ್ದವರೆಲ್ಲ ನಕ್ಕರು. ಗುಂಡು ಹಾರುವ ಮೊದಲೇ ನನ್ನ ಮೈ ಒದೆಗೆ ಅಂಜಿ ಬಗ್ಗುತ್ತಿತ್ತು. ಸಣ್ಣ ಗುಂಡಿನ ಪರವಾದ ವಾದದಲ್ಲಿ ತಿರುಳು ಎಂಬುದೇನಾದರೂ ಇದ್ದರೆ ಅದು ಇದೇ: ಅಂಜಿಕೆಯಿಂದ ಹೊಡೆದ ದೊಡ್ಡ ಗುಂಡಿಗಿಂತ ಅಂಜದೆ ಹೊಡೆದ ಸಣ್ಣದು ನೆಟ್ಟಗೆ ಹೋಗುತ್ತದೆ. ಮಾವನಿಗೆ ಇಷ್ಟನ್ನು ಬಿಟ್ಟುಕೊಡುತ್ತೇನೆ.

ಆದರೆ ನೆಟ್ಟಗೆ ಹೋಗುವುದು ಬೇರೆ, ಹೋಗಿ ಕೆಲಸ ಮಾಡುವುದು ಬೇರೆ. ಸಂಜೆ ಗುರಿಹಲಗೆ ಬಿಚ್ಚುವಾಗ ಅದರ ಹಿಂದಿನ ಮರದ ಚೌಕಟ್ಟನ್ನು ನೋಡಿದೆ. ದಾರಿ ತಪ್ಪಿ ಮರಕ್ಕೆ ತಾಗಿದ್ದ ಟೂಟೂ ಗುಂಡೊಂದು ಒಳಗೇ ಕೂತಿತ್ತು, ಚಾಕುವಿನ ಮೊನೆಯಿಂದ ಕೀಳಬಹುದಿತ್ತು. ತ್ರೀ ನಾಟ್ ತ್ರೀ ತಾಗಿದ ಕಡೆ ಇತ್ತ ಒಂದು ತೂತು, ಅತ್ತ ಸೀಳಿದ ಸಿಬಿರು, ಗುಂಡು ಹಿಂದಿನ ಮಣ್ಣಿನ ದಿಬ್ಬದಲ್ಲೆಲ್ಲೋ. ಲೆಕ್ಕವೂ ಅದನ್ನೇ ಹೇಳುತ್ತದೆ. .22 ಗುಂಡಿನ ತೂಕ ಸುಮಾರು 2.6 ಗ್ರಾಂ, ನಳಿಗೆ ಬಿಡುವಾಗಿನ ಶಕ್ತಿ ಸುಮಾರು 150 ಜೂಲ್. ತ್ರೀ ನಾಟ್ ತ್ರೀಯ ಗುಂಡು 11 ಗ್ರಾಂಗೆ ಮೇಲೆ, ಶಕ್ತಿ ಸುಮಾರು 3,100 ಜೂಲ್. ಒಂದಕ್ಕೆ ಇಪ್ಪತ್ತು. ಇಂಗ್ಲೆಂಡಿನ ಕಾನೂನು ದೊಡ್ಡ ಜಿಂಕೆಗಳನ್ನು ಹೊಡೆಯುವ ರೈಫಲ್ಲಿಗೆ .240 ಅಳತೆ ಮತ್ತು ಸುಮಾರು 2,300 ಜೂಲ್ ಶಕ್ತಿಯ ಕೆಳಮಿತಿ ಹಾಕಿದೆ. ಆಫ್ರಿಕಾದ ಹಲವು ದೇಶಗಳಲ್ಲಿ ಆನೆ, ಕಾಡೆಮ್ಮೆಗಳಿಗೆ .375ಕ್ಕಿಂತ ಕಡಿಮೆ ಅಳತೆಯದು ನಡೆಯುವುದಿಲ್ಲ. ಬೇಟೆಗೆ ಅನುಮತಿ ಇರುವ ದೇಶಗಳೇ ಇಷ್ಟು ಕಟ್ಟುನಿಟ್ಟು ಮಾಡಿರುವಾಗ ನಮ್ಮ ಶೇಂಗಾ ಹೊಲದ ಬದುವಿನ ಮೇಲೆ ಟೂಟೂ ಹಿಡಿದು ಕೂರುವುದು ನಗೆಪಾಟಲು.

ಇದನ್ನು ಹೇಳಿದ್ದಕ್ಕೆ ಮಾವನ ಮಗ, ಬೆಂಗಳೂರಿನಲ್ಲಿರುವವನು, ದೀಪಾವಳಿಗೆ ಬಂದಾಗ ಮೊಬೈಲ್ ಮುಂದೆ ಹಿಡಿದ. ಡಬ್ಲ್ಯು.ಡಿ.ಎಂ. ಬೆಲ್ ಎಂಬ ಸ್ಕಾಟ್ಲೆಂಡಿನ ಬೇಟೆಗಾರ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ, ಬಹುಪಾಲು 7 ಮಿಲಿಮೀಟರಿನ ಸಣ್ಣ ರೈಫಲ್ಲಿನಿಂದ. "ಆನೆಗೇ ಸಾಕಾದದ್ದು ಹಂದಿಗೆ ಸಾಲದೇ ಅಣ್ಣಾ?" ಎಂದ. ಮಾವ ಮೀಸೆ ಸವರಿದರು.

ಬೆಲ್‌ನ ಕಥೆ ನಿಜ. ಆದರೆ ಆ "ಸಣ್ಣ" ಎಂಬ ಶಬ್ದ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಅವನ ಗುಂಡಿನ ತೂಕವೂ 11 ಗ್ರಾಂಗೆ ಮೇಲೆಯೇ, ಅಂದರೆ ನನ್ನ ಭುಜ ನೋಯಿಸಿದ ತ್ರೀ ನಾಟ್ ತ್ರೀಯಷ್ಟೇ. ಆ ಕಾಲದ ಆನೆ ಬಂದೂಕುಗಳ ಪಕ್ಕದಲ್ಲಿ ಅದು ಸಣ್ಣದು, ಟೂಟೂವಿನ ಪಕ್ಕದಲ್ಲಿ ಅದು ದೈತ್ಯ. ಗುಂಡಿನ ಅಗಲ ಕಡಿಮೆಯಾದ ಮಾತ್ರಕ್ಕೆ ಶಕ್ತಿ ಕಡಿಮೆಯಾಗುವುದಿಲ್ಲ. ಉದ್ದನೆಯ, ಗಟ್ಟಿ ಕವಚದ ಗುಂಡು ಮೂಳೆಯನ್ನು ಸೀಳಿಕೊಂಡು ನೇರವಾಗಿ ಹೋಗುತ್ತದೆ. ಟೂಟೂವಿನದು ಮೆತ್ತನೆಯ ಸೀಸ. ಇನ್ನೊಂದು ಮಾತು, ಮಿದುಳು ಎಲ್ಲಿದೆ ಎಂದು ತಿಳಿಯಲು ಬೆಲ್ ಆನೆಯ ತಲೆಬುರುಡೆಯನ್ನೇ ಗರಗಸದಿಂದ ಕೊಯ್ದು ನೋಡಿದವನು. ನಮ್ಮ ಮಾವ ಕೊಯ್ದದ್ದು ಕುಂಬಳಕಾಯಿ.

ಹುಡುಗ ಬಿಡಲಿಲ್ಲ, ಇನ್ನೊಂದು ತೆಗೆದ. 1953ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಬೆಲ್ಲಾ ಟ್ವಿನ್ ಎಂಬ ಕ್ರೀ ಬುಡಕಟ್ಟಿನ ಮಹಿಳೆ ಒಂದೇ ಗುಂಡು ಹಿಡಿಸುವ ಟೂಟೂ ರೈಫಲ್ಲಿನಿಂದ ದಾಖಲೆ ಗಾತ್ರದ ಗ್ರಿಜ್ಲಿ ಕರಡಿಯನ್ನು ಕೊಂದರು. ಇದೂ ನಿಜವೇ. ಆದರೆ ಅವರು ಕರಡಿಯನ್ನು ಹುಡುಕಿಕೊಂಡು ಹೋದವರಲ್ಲ. ಕರಡಿ ತೀರ ಹತ್ತಿರ ಬಂದಾಗ ಬೇರೆ ದಾರಿ ಕಾಣದೆ ತಲೆಗೆ ಹೊಡೆದರು, ಬಿದ್ದ ಮೇಲೂ ಮತ್ತೆ ಮತ್ತೆ ಗುಂಡು ತುಂಬಿ ಹೊಡೆದರು. ಬಾವಿಗೆ ಬಿದ್ದವನು ಬೇರು ಹಿಡಿದು ಬದುಕಿದ ಎಂದು ಯಾರೂ ಬಾವಿಗೆ ಬೇರಿನ ಮೆಟ್ಟಿಲು ಕಟ್ಟಿಸುವುದಿಲ್ಲ.

ನಾನು ಈ ವಿಷಯದಲ್ಲಿ ಸ್ವಲ್ಪ ಸಿಡುಕುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮೇಲಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಒಬ್ಬ ಹೆಣ್ಣುಮಗಳ ಮೇಲೆ ಹಾಡುಹಗಲೇ ಒಂಟಿ ಹಂದಿ ನುಗ್ಗಿತು. ತೊಡೆ ಮೊಣಕಾಲಿನಿಂದ ಮೇಲಕ್ಕೆ ಸೀಳಿತ್ತು. ಸೀರೆಯ ಸೆರಗಿನಲ್ಲೇ ಬಿಗಿದು ಕಟ್ಟಿ, ಟ್ರ್ಯಾಕ್ಟರಿನಲ್ಲಿ ಮುಖ್ಯರಸ್ತೆಯವರೆಗೆ, ಅಲ್ಲಿಂದ ಬಳ್ಳಾರಿಗೆ ಒಯ್ದೆವು. ಬದುಕಿದರು, ಆದರೆ ಈಗಲೂ ಕುಂಟುತ್ತಾರೆ. ಎರಡು ದಿನ ಬಿಟ್ಟು ಆ ಹಂದಿ ಹಳ್ಳದಲ್ಲಿ ಸತ್ತು ಬಿದ್ದಿತ್ತು. ಹಿಂಗಾಲಿನ ಸಂದಿನಲ್ಲಿ ಕೀವು ತುಂಬಿದ ಗಾಯ, ಅದರೊಳಗೆ ಸೀಸ. ಯಾರೋ ಸಣ್ಣ ಗುಂಡಿನಿಂದ ಹೊಡೆದು, ಬೀಳದ್ದನ್ನು ಕಂಡು, ಮನೆಗೆ ಹೋಗಿ ಮಲಗಿದ್ದರು. ಹೊಡೆದವನಿಗೆ ಹಂದಿ ತಪ್ಪಿಸಿಕೊಂಡಿತು ಅಷ್ಟೇ. ಅದರ ನೋವಿನ ಬಾಕಿ ತೀರಿಸಿದವರು ದಿನಗೂಲಿಗೆ ಬಂದ ಹೆಣ್ಣುಮಗಳು.

ಕಡೆಯದು ನಮ್ಮ ಅಪ್ಪನ ಕಾಲದ ಮದ್ದಿನ ಬಂದೂಕು. ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆ. ಬೆಳೆ ರಕ್ಷಣೆಗೆಂದು ಪರವಾನಗಿ ಕೊಡುವಾಗ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಹೆಸರಿಸಿರುವ ಜಾತಿ ಇದು. ನಿಖರತೆ ಕೇಳಬೇಡಿ. ತುಂಬುವುದಕ್ಕೆ ಎರಡು ನಿಮಿಷ, ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿದರೆ ಕೇಪು ಸಿಡಿದು ಬರೀ ಚಿಟ್ ಎನ್ನುತ್ತದೆ. ನಾನು ಇದಕ್ಕೆ ಗುಂಡನ್ನಾಗಲಿ ಚರೆಯನ್ನಾಗಲಿ ಹಾಕುವುದೇ ಇಲ್ಲ. ಮದ್ದು, ಮೇಲೆ ಹಳೆ ಬಟ್ಟೆಯ ಬಿರಡೆ, ನಳಿಗೆ ಆಕಾಶಕ್ಕೆ. ಆಗ ಹೊರಡುವ ಸದ್ದು ಗುಡ್ಡಕ್ಕೆ ಬಡಿದು ಎರಡು ಸಲ ಮರಳಿ ಬರುತ್ತದೆ, ಗಂಧಕದ ಹೊಗೆ ಹೊಲದ ತುಂಬ ಹರಡುತ್ತದೆ. ಹಂದಿಗೆ ಕಣ್ಣು ಮಂದ, ಮೂಗು ಬಲು ಚುರುಕು. ಸದ್ದಿಗಿಂತ ಆ ಹೊಗೆಯ ವಾಸನೆಗೇ ಅವು ಹೆಚ್ಚು ಹೆದರುತ್ತವೆ ಎಂದು ನನ್ನ ಅನುಮಾನ. ಒಮ್ಮೆ ಹಾರಿಸಿದರೆ ಮೂರು ನಾಲ್ಕು ರಾತ್ರಿ ನೆಮ್ಮದಿ, ಐದನೆಯ ರಾತ್ರಿ ಮತ್ತೆ ಹಾಜರು. ಹಂದಿ ಓಡಿಸುವ ಕೆಲಸಕ್ಕೆ ನಾಲ್ಕರಲ್ಲಿ ಗೆದ್ದದ್ದು ಇದೇ. ಟೂಟೂವಿನ ಕಡ್ಡಿ ಮುರಿದ ಸದ್ದಿಗೆ ನಮ್ಮ ನಾಯಿಯೂ ತಲೆ ಎತ್ತುವುದಿಲ್ಲ.

ಆದರೆ ಇದಕ್ಕೊಂದು ಗ್ರಹಚಾರ ಅಂಟಿಕೊಂಡಿದೆ. ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. 2023ರ ಬೇಸಿಗೆ ಶೇಂಗಾ ಕೀಳುವ ಕಾಲಕ್ಕೆ ವಿಧಾನಸಭೆ ಚುನಾವಣೆ. 2024ರ ಬೇಸಿಗೆ ಶೇಂಗಾಕ್ಕೆ ಲೋಕಸಭೆ. ಸರಿ, ಮುಂಗಾರು ಬೆಳೆಯಾದರೂ ಉಳಿದೀತು ಎಂದರೆ ಅದೇ ನವೆಂಬರ್ 13ಕ್ಕೆ ಸಂಡೂರಿಗೆ ಉಪಚುನಾವಣೆ. ಬಂದೂಕು ಠಾಣೆಯಲ್ಲಿ, ಹಂದಿ ಹೊಲದಲ್ಲಿ, ನಾನು ತಗಡಿನ ಡಬ್ಬ ಬಡಿಯುತ್ತ ಬದುವಿನ ಮೇಲೆ.

ಗುಂಡು ಹಾಕದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ತಾಲ್ಲೂಕಿನಲ್ಲೇ 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವಿದೆ. ಕರಡಿಗಳು ಅದರ ಎಲ್ಲೆಯನ್ನು ಓದಿಕೊಂಡು ತಿರುಗುವುದಿಲ್ಲ. ಒಮ್ಮೆ ಬೆಳಗಿನ ಜಾವ ಮೆಕ್ಕೆಜೋಳದ ಅಂಚಿನಲ್ಲಿ ಕರಿ ಆಕೃತಿಯೊಂದನ್ನು ಹಂದಿ ಎಂದೇ ತಿಳಿದು ಕೂಗು ಹಾಕಿದೆ. ಅದು ಎದ್ದು ಎರಡು ಕಾಲ ಮೇಲೆ ನಿಂತಿತು. ನನ್ನ ಕೈಯಲ್ಲಿ ಆಗ ಯಾವ ಬಂದೂಕಿದ್ದರೂ ಪ್ರಯೋಜನವಾಗುತ್ತಿರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಪುಣ್ಯಕ್ಕೆ ಅದೇ ಬೇಸರಗೊಂಡು ಹೋಯಿತು. ಇನ್ನು ಸುತ್ತಲಿನ ಹೊಲಗಳಲ್ಲಿ ರಾತ್ರಿ ಪಂಪ್‌ಸೆಟ್ಟಿನ ಬಳಿ ಮಲಗುವ ಜನ. ಟೂಟೂ ಗುಂಡು ಪುಟಾಣಿಯಂತೆ ಕಂಡರೂ ಒಂದು ಕಿಲೋಮೀಟರಿಗಿಂತ ಆಚೆಗೆ ಹೋಗಬಲ್ಲದು. ನಮ್ಮ ಕಡೆಯ ಕಬ್ಬಿಣದಂಥ ಕಲ್ಲಿಗೆ ತಾಗಿದರೆ ಎತ್ತ ತಿರುಗುತ್ತದೆ ಎಂದು ದೇವರೂ ಹೇಳಲಾರ.

ಈಗ ಶೇಂಗಾದ ಸುತ್ತ ಸೋಲಾರ್ ಬೇಲಿ ಹಾಕಿಸಿದ್ದೇನೆ. ಕೆಳಗಿನ ತಂತಿ ನೆಲದಿಂದ ಒಂದು ಗೇಣು ಎತ್ತರ, ಏಕೆಂದರೆ ಹಂದಿ ಹಾರುವುದಕ್ಕಿಂತ ಹೆಚ್ಚಾಗಿ ಮೂತಿ ತೂರಿಸುತ್ತದೆ. ಕ್ಷಣಾರ್ಧದ ಜುಮ್ಮೆನ್ನುವ ಹೊಡೆತ ಮೂತಿಗೇ ಬಿದ್ದರೆ ಹಿಂಡು ತಿರುಗುತ್ತದೆ, ಸಾಯುವುದಿಲ್ಲ. ಮನೆ ಕರೆಂಟನ್ನು ನೇರವಾಗಿ ತಂತಿಗೆ ಬಿಡುವ ಪಾಪಿಗಳ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಮಾತ್ರ ಬೇಲಿ ಸತ್ತಂತೆ, ವಾರಕ್ಕೊಮ್ಮೆ ಕೊಯ್ಯಲೇಬೇಕು.

ಮಾವ ಮೊನ್ನೆ ಬಂದಿದ್ದರು. ಬೇಲಿಯನ್ನು ಒಂದು ಸುತ್ತು ನೋಡಿ, "ಇಷ್ಟು ಖರ್ಚಿನಲ್ಲಿ ಒಂದು ಟೂಟೂ ಬರುತ್ತಿತ್ತು" ಎಂದರು. ನಾನು ಮಾತನಾಡದೆ ಬೇಲಿಯ ಸ್ವಿಚ್ ಆರಿಸಿ, ಕುಡುಗೋಲನ್ನು ಅವರ ಕೈಗೆ ಕೊಟ್ಟೆ. ತಂತಿಯ ಅಡಿಯ ಹುಲ್ಲು ಕೊಯ್ಯುತ್ತ ಕೊಯ್ಯುತ್ತ, ಓಡುವ ಮೊಲವನ್ನು ಎಂಬತ್ತು ಹೆಜ್ಜೆಯಿಂದ ಕೆಡವಿದ ಕಥೆಯನ್ನು ಮೊದಲಿನಿಂದ ಶುರು ಮಾಡಿದರು. ಕಳೆದ ವರ್ಷ ಅದು ಅರವತ್ತು ಹೆಜ್ಜೆ ಇತ್ತು.