ರೆಡ್ ನೋಸ್ ಡೇ ದೇಣಿಗೆ ಚಿತ್ರಗಳು: ತಾರೆಯ ಜಾಗ ಯಾವುದು?

ಬ್ರಿಟನ್ನಿನ ಕಾಮಿಕ್ ರಿಲೀಫ್ ಸಂಸ್ಥೆಯು 1988ರಿಂದ ಬಿಬಿಸಿಯಲ್ಲಿ ಪ್ರಸಾರವಾಗುವ ‘ರೆಡ್ ನೋಸ್ ಡೇ’ ಕಾರ್ಯಕ್ರಮದ ಮೂಲಕ ದೇಣಿಗೆ ಎತ್ತುತ್ತ ಬಂದಿದೆ. ಹೆಸರಾಂತ ನಟರೋ ಗಾಯಕರೋ ಆಫ್ರಿಕಾದ ಬಡವರ ನಡುವೆ ಹೋಗಿ ನಿಂತ ಕಿರುಚಿತ್ರಗಳನ್ನು ಹಾಸ್ಯದ ತುಣುಕುಗಳ ಮಧ್ಯೆ ತೋರಿಸಿ ಹಣ ಕೇಳುವುದು ಅದರ ಬಹುಕಾಲದ ಪದ್ಧತಿಯಾಗಿತ್ತು.

2017ರ ಚಿತ್ರವೊಂದನ್ನು ಗಮನಿಸಬೇಕು. ಲೈಬೀರಿಯಾದಲ್ಲಿ ರಾತ್ರಿ ದೋಣಿಗಳಲ್ಲಿ ಮಲಗುವ, ಮನೆಯಿಲ್ಲದ ಹುಡುಗರನ್ನು ಕಂಡು ಮನಕರಗಿದ ಗಾಯಕ ಎಡ್ ಶೀರನ್, ಅವರ ವಸತಿಯ ಖರ್ಚನ್ನು ತಾವೇ ಕೊಡುವುದಾಗಿ ಕ್ಯಾಮೆರಾದ ಮುಂದೆಯೇ ಹೇಳುತ್ತಾರೆ. ಆ ಕನಿಕರ ಪ್ರಾಮಾಣಿಕವಾದದ್ದೆಂದೇ ನಾನು ನಂಬುತ್ತೇನೆ. ಆದರೆ ಆ ಮಾತಿನೊಂದಿಗೆ ಕಥೆ ಹುಡುಗರ ಕೈತಪ್ಪಿ ಗಾಯಕನದಾಗುತ್ತದೆ. ಆ ಊರಿನಲ್ಲಿ ಇಂಥ ಮಕ್ಕಳಿಗಾಗಿ ವರ್ಷವಿಡೀ ದುಡಿಯುವ ಸ್ಥಳೀಯರು ನೋಡುಗನ ನೆನಪಿನಲ್ಲಿ ಉಳಿಯುವುದಿಲ್ಲ. ನಾರ್ವೆಯ ವಿದ್ಯಾರ್ಥಿಗಳ ನೆರವು ಸಂಸ್ಥೆಯಾದ ಸೈಹ್, ಅತ್ಯಂತ ಆಕ್ಷೇಪಾರ್ಹ ದೇಣಿಗೆ ಚಿತ್ರಕ್ಕೆಂದೇ ಮೀಸಲಾದ ‘ರಸ್ಟಿ ರೇಡಿಯೇಟರ್’ ಪ್ರಶಸ್ತಿಯನ್ನು ಅದೇ ವರ್ಷ ಇದಕ್ಕೆ ನೀಡಿತು. ನನ್ನ ಮಟ್ಟಿಗೆ ಇನ್ನೂ ಗಂಭೀರವಾದದ್ದು ಒಪ್ಪಿಗೆಯ ಪ್ರಶ್ನೆ. ನೆರವು ತರುವವರೇ ಕ್ಯಾಮೆರಾವನ್ನೂ ಹಿಡಿದು ಬಂದಾಗ, ಹಸಿದ ಮಗುವಾಗಲಿ ಅದರ ಪೋಷಕರಾಗಲಿ ‘ಬೇಡ’ ಎನ್ನುವುದು ಹೇಗೆ?

2019ರಲ್ಲಿ ಇದೇ ಸಂಸ್ಥೆಗಾಗಿ ಚಿತ್ರ ಮಾಡಲು ಹೋಗಿದ್ದ ನಿರೂಪಕಿ ಸ್ಟೇಸಿ ಡೂಲಿ ಉಗಾಂಡಾದ ಮಗುವನ್ನು ಎತ್ತಿಕೊಂಡ ತಮ್ಮ ಫೋಟೊವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದಾಗ, ಬಿಳಿಯರನ್ನು ಆಫ್ರಿಕಾದ ಉದ್ಧಾರಕರಂತೆ ತೋರಿಸುವುದನ್ನು ಬ್ರಿಟನ್ನಿನ ಸಂಸದ ಡೇವಿಡ್ ಲ್ಯಾಮಿ ಬಹಿರಂಗವಾಗಿ ಆಕ್ಷೇಪಿಸಿದರು. ಆ ವರ್ಷ ಪ್ರಸಾರದ ರಾತ್ರಿಯ ಸಂಗ್ರಹ 2017ಕ್ಕಿಂತ ಸುಮಾರು 80 ಲಕ್ಷ ಪೌಂಡ್ ಕಡಿಮೆಯಾಯಿತು. ಟೀಕೆಯಿಂದಲೇ ಬಡವರಿಗೆ ನಷ್ಟವಾಯಿತೆಂಬ ವಾದವೂ ಬಂತು. ಈ ವಾದವನ್ನು ನಾನು ಒಪ್ಪಲಾರೆ. ಹೆಚ್ಚು ಹಣ ಬರುತ್ತದೆಂಬ ಒಂದೇ ಕಾರಣಕ್ಕೆ ಮಗುವಿನ ಮಾನವನ್ನು ಒತ್ತೆಯಿಡುವ ಹಕ್ಕು ಯಾವ ಸಂಸ್ಥೆಗೂ ದಕ್ಕುವುದಿಲ್ಲ.

2020ರಲ್ಲಿ ಸಂಸ್ಥೆಯು ತಾರೆಯರನ್ನು ಆಫ್ರಿಕಾಕ್ಕೆ ಕಳುಹಿಸಿ ದೇಣಿಗೆ ಚಿತ್ರ ಮಾಡುವುದನ್ನು ನಿಲ್ಲಿಸಿ, ಅಲ್ಲಿಯ ನಿರ್ದೇಶಕರಿಂದಲೇ ಚಿತ್ರ ಮಾಡಿಸುವುದಾಗಿ ಘೋಷಿಸಿತು. ಇದು ತಡವಾಗಿಯಾದರೂ ಸರಿಯಾದ ತೀರ್ಮಾನ. ತಾರೆಯರು ದೂರ ಉಳಿಯಬೇಕಿಲ್ಲ. ತಮ್ಮ ದೇಶದ ಸ್ಟುಡಿಯೋದಲ್ಲಿ ನಿಂತು ತಮ್ಮ ಅಭಿಮಾನಿಗಳನ್ನು ಹಣ ಕೇಳಲಿ, ಊರಿನ ಸಂಗತಿಯನ್ನು ಊರಿನವರೇ ಹೇಳಲಿ. ದಾನಿಗಳಿಗೆ ನಾನು ಶಿಫಾರಸು ಮಾಡುವುದು ಈ ರೂಪವನ್ನೇ. ಆದರೂ ಮುಖ ತೋರಿಸಿದ ಪ್ರತಿಯೊಂದು ಮಗುವಿನ ಪೋಷಕರು ಪೂರ್ಣ ಚಿತ್ರವನ್ನು ನೋಡಿ ಒಪ್ಪಿದ್ದಾರೆಯೇ ಎಂಬುದನ್ನು ಪರದೆಯ ಮೇಲೆ ಸ್ಪಷ್ಟವಾಗಿ ತಿಳಿಸದ ಯಾವ ದೇಣಿಗೆ ಚಿತ್ರಕ್ಕೂ ನಾನು ಪೂರ್ಣ ಅಂಕ ಕೊಡಲಾರೆ.