ಸ್ವೀಡಿಷ್ ಷೇರು ನೋಟಿಸಿಗೆ ಇಂಗ್ಲಿಷ್ ಅನುವಾದ: ಒಂದು ಸೇವೆಯ ಅನುಭವ

ಸ್ವೀಡನ್ನಿನ ಒಂದು ಸಣ್ಣ ಕಂಪನಿಯ ಷೇರು ನನ್ನ ಬಳಿ ಇದೆ. ಅದು ಹೊಸ ಷೇರು ಬಿಡುಗಡೆ ಮಾಡಿದಾಗ ಬಂದ ಎಂಟು ಪುಟದ ನೋಟಿಸನ್ನು ಇಂಗ್ಲಿಷ್‌ಗೆ ಮಾಡಿಸಲು ಒಂದು ಅನುವಾದ ಸೇವೆಗೆ ಕೊಟ್ಟೆ. ಮೊದಲ ಕರಡು ನೋಡಿ ಗಾಬರಿಯಾಯಿತು. ‘ಟೆಕ್ನಿಂಗ್ಸ್‌ರೆಟ್’ ಪದಕ್ಕೆ ‘ಡ್ರಾಯಿಂಗ್ ರೈಟ್’ ಎಂದು ಬರೆದಿದ್ದರು. ಟೆಕ್ನಿಂಗ್ ಅಂದರೆ ಚಿತ್ರ ಬಿಡಿಸುವುದೂ ಹೌದು. ಆದರೆ ಇಲ್ಲಿ ಬೇಕಾದದ್ದು ‘ಸಬ್‌ಸ್ಕ್ರಿಪ್ಷನ್ ರೈಟ್’. ಅಂದರೆ ಹೊಸ ಷೇರು ಕೊಳ್ಳಲು ಷೇರುದಾರರಿಗೆ ಸಿಗುವ ಹಕ್ಕು. ಇದು ಸುಮ್ನೆ ಪದದ ತಪ್ಪಲ್ಲ. ಆ ಹಕ್ಕನ್ನು ಗಡುವಿನೊಳಗೆ ಬಳಸಬೇಕು, ಇಲ್ಲವೇ ಮಾರಬೇಕು. ಬಿಟ್ಟರೆ ಅದಕ್ಕೆ ಬೆಲೆಯೇ ಉಳಿಯುವುದಿಲ್ಲ.

ತಿದ್ದಿ ಕೊಡಿ ಎಂದೆ. ಎರಡನೇ ಸಲ ಹಣಕಾಸು ಗೊತ್ತಿರುವವರು ಕೂತಿದ್ದಾರೆ ಎಂದು ಓದಿದ ಕೂಡಲೇ ತಿಳಿಯಿತು. ‘ಫೋಂಡ್‌ಎಮಿಷೂನ್’ ಈಗ ‘ಬೋನಸ್ ಇಶ್ಯೂ’ ಆಗಿತ್ತು, ಅಂದರೆ ಕಂಪನಿ ತನ್ನದೇ ಮೀಸಲು ಹಣದಿಂದ ಷೇರು ಬಂಡವಾಳ ಹೆಚ್ಚಿಸುವುದು. ‘ಬಿಟಿಎ’ಯನ್ನು ಹಾಗೇ ಉಳಿಸಿ, ಹಣ ಕಟ್ಟಿದ ಮೇಲೆ ಕಂಪನಿ ನೋಂದಣಿ ಕಚೇರಿ ಬೂಲಾಗ್ಸ್‌ವೆರ್ಕೆಟ್‌ನಲ್ಲಿ ದಾಖಲಾಗುವವರೆಗಿನ ತಾತ್ಕಾಲಿಕ ಷೇರು ಎಂದು ವಿವರಿಸಿದ್ದರು. ನನಗೆ ತುಂಬಾ ಹಿಡಿಸಿದ್ದು ‘ಕ್ವೂಟ್‌ವೆರ್ದೆ’. ಅವಸರದಲ್ಲಿ ‘ಪಾರ್ ವ್ಯಾಲ್ಯೂ’ (ಮುಖಬೆಲೆ) ಎಂದು ಬರೆದುಬಿಡಬಹುದಿತ್ತು. ಇವರು ‘ಕೋಟಾ ವ್ಯಾಲ್ಯೂ’ ಎಂದರು. ಅದೇ ಸರಿ. 2006ರಲ್ಲಿ ಜಾರಿಗೆ ಬಂದ ಸ್ವೀಡನ್ನಿನ ಕಂಪನಿ ಕಾಯ್ದೆ ಮುಖಬೆಲೆಯನ್ನು ಕೈಬಿಟ್ಟಿದೆ. ಷೇರು ಬಂಡವಾಳವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಮೊತ್ತವೇ ಕೋಟಾ ವ್ಯಾಲ್ಯೂ.

ದಿನಾಂಕಗಳ ಪುಟ ಮಾತ್ರ ಕೊನೆಗೆ ಬಂತು. ಗಡುವಿರುವ ಕೆಲಸದಲ್ಲಿ ಅದನ್ನೇ ಮೊದಲು ಕಳಿಸಬೇಕು, ಅಲ್ವಾ? ಆದರೂ ಮುಂದಿನ ನೋಟಿಸನ್ನು ಇವರಿಗೇ ಕೊಡುತ್ತೇನೆ, ಎರಡನೇ ಸಲ ಮಾಡಿದವರೇ ಮಾಡಲಿ ಎಂದು ಮೊದಲೇ ಹೇಳಿ.