ನೋಕಿಯಾ ಎನ್8: ಇಂಥ ಕ್ಯಾಮೆರಾಗೆ ಇಂಥ ಸಾಫ್ಟ್‌ವೇರಾ?

ನೋಕಿಯಾ ಎನ್8ರ ಕ್ಯಾಮೆರಾಗೆ ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ. ಅದೇ ಫೋನನ್ನು ನಡೆಸುವ ಸಿಂಬಿಯನ್ ಅನ್ನುವ ಸಾಫ್ಟ್‌ವೇರಿಗೆ ನಾಲ್ಕು ಕೊಡುವುದೂ ಕಷ್ಟ. ಅಷ್ಟು ದೊಡ್ಡ ಕಂಪನಿ ಹೇಗೆ ಬಿತ್ತು ಅಂತ ತಿಳಿಯಬೇಕಾದರೆ ಈ ಒಂದು ಫೋನನ್ನು ಸರಿಯಾಗಿ ನೋಡಿದರೆ ಸಾಕು.

ಮೊದಲು ಒಳ್ಳೆಯದು ಹೇಳುತ್ತೇನೆ, ಯಾಕಂದರೆ ಅದು ಜಾಸ್ತಿ ಇದೆ. 2010ರಲ್ಲಿ ಬಂದ ಫೋನಿದು. ಅಲ್ಯೂಮಿನಿಯಂ ಮೈ, 12 ಮೆಗಾಪಿಕ್ಸೆಲ್, ಕಾರ್ಲ್ ಝೈಸ್ ಲೆನ್ಸ್. ಮೆಗಾಪಿಕ್ಸೆಲ್ ಬಿಡಿ, ಬೆಳಕು ಹಿಡಿಯುವ ಸೆನ್ಸರಿನ ಗಾತ್ರ ನೋಡಿ: 1/1.83 ಇಂಚು. ಆ ಕಾಲದ ಫೋನುಗಳಲ್ಲಿ ಇಷ್ಟು ದೊಡ್ಡದು ಬಹಳ ಅಪರೂಪ. ಜೊತೆಗೆ ಒಂದೇ ಕ್ಷಣ ಜೋರಾಗಿ ಮಿಂಚುವ ನಿಜವಾದ ಝೆನಾನ್ ಫ್ಲ್ಯಾಶ್. ಕತ್ತಲೆ ಕೋಣೆಯಲ್ಲಿ ಓಡಾಡುವ ಮಗುವಿನ ಫೋಟೋ ತೆಗೆದರೆ ಎಲ್‌ಇಡಿ ಬೆಳಕಿನಲ್ಲಿ ಮುಖ ಕದಡಿಹೋಗುತ್ತದೆ, ಝೆನಾನ್ ಇದ್ದರೆ ಮಗು ಇದ್ದಲ್ಲೇ ನಿಂತ ಹಾಗೆ ಬರುತ್ತದೆ. ಫೋಟೋಗೆ ಸುಮ್ನೆ ಬಣ್ಣ ತುಂಬುವುದಿಲ್ಲ, ಅಂಚುಗಳನ್ನು ಅತಿಯಾಗಿ ಚೂಪು ಮಾಡುವುದೂ ಇಲ್ಲ. ಟೀವಿಗೆ ಜೋಡಿಸಲು ಎಚ್‌ಡಿಎಂಐ ಇದೆ, ಪೆನ್‌ಡ್ರೈವ್ ನೇರವಾಗಿ ಹಾಕಿ ಓದಿಸಬಹುದು, ಫೋನಿನ ಹಾಡನ್ನು ಕಾರಿನ ರೇಡಿಯೋದಲ್ಲಿ ಕೇಳಲು ಎಫ್‌ಎಂ ಟ್ರಾನ್ಸ್‌ಮಿಟರ್ ಕೂಡ ಇದೆ. ಇಂಟರ್ನೆಟ್ ಇಲ್ಲದೆ ದಾರಿ ತೋರಿಸುವ ಮ್ಯಾಪ್ ಬೇರೆ, ಅದೂ ಉಚಿತ. ಇದನ್ನೆಲ್ಲ ಒಂದೇ ಫೋನಿಗೆ ತುಂಬಿದ ಎಂಜಿನಿಯರುಗಳ ಬಗ್ಗೆ ನನಗೆ ಇವತ್ತಿಗೂ ತುಂಬಾ ಗೌರವ.

ಈಗ ಸ್ಕ್ರೀನ್ ಮುಟ್ಟಿ. ಪಠ್ಯ ಬರೆಯುವ ಜಾಗ ಮುಟ್ಟಿದರೆ ನೋಡುತ್ತಿದ್ದ ಪುಟವೇ ಮಾಯವಾಗಿ ಬರೆಯುವುದಕ್ಕೆ ಅಂತಲೇ ಬೇರೊಂದು ಪರದೆ ತೆರೆದುಕೊಳ್ಳುತ್ತದೆ. ಫೋನನ್ನು ನೇರವಾಗಿ ಹಿಡಿದರೆ ಪೂರ್ತಿ ಕೀಬೋರ್ಡ್ ಇಲ್ಲ, ಹಳೆಯ ಬಟನ್ ಫೋನಿನ ಅಂಕಿ ಕೀಲಿಗಳ ಚಿತ್ರ ಅಷ್ಟೇ. ಪೂರ್ತಿ ಕೀಬೋರ್ಡ್ ಬೇಕು ಅಂದರೆ ಫೋನ್ ಅಡ್ಡ ತಿರುಗಿಸಬೇಕು. ಕೆಳಗಡೆ 'ಆಪ್ಷನ್ಸ್' ಅಂತ ಒಂದು ಬಟನ್, ಅದರೊಳಗೆ ಪಟ್ಟಿ, ಪಟ್ಟಿಯೊಳಗೆ ಮತ್ತೊಂದು ಪಟ್ಟಿ. ಬಟನ್ ಫೋನಿಗೆ ಅಂತ ಮಾಡಿದ ಸಾಫ್ಟ್‌ವೇರಿನ ಮೇಲೆ ಟಚ್ ಅನ್ನು ಹಚ್ಚಿದ್ದಾರೆ ಅನ್ನುವುದು ಒಂದೊಂದು ಹೆಜ್ಜೆಯಲ್ಲೂ ಗೊತ್ತಾಗುತ್ತದೆ. ಇದಕ್ಕಿಂತ ಮುಂಚಿನ ನೋಕಿಯಾ ಫೋನುಗಳಾದ 5800 ಮತ್ತು ಎನ್97ರಲ್ಲಿ ಸ್ಥಿತಿ ಇನ್ನೂ ಕೆಟ್ಟದಿತ್ತು. ಕೆಲವು ಕಡೆ ಒಂದು ಸಲ ಮುಟ್ಟಬೇಕು, ಪಟ್ಟಿಗಳಲ್ಲಿ ಎರಡು ಸಲ. ಎನ್8ರಲ್ಲಿ ಅದನ್ನಾದರೂ ಸರಿಮಾಡಿದರು. ಫೋನ್ ನೇರ ಹಿಡಿದಾಗಲೂ ಪೂರ್ತಿ ಕೀಬೋರ್ಡ್ ಬಂದದ್ದು ಮಾತ್ರ 2011ರ 'ಆನ್ನಾ' ಅಪ್‌ಡೇಟ್‌ನಲ್ಲಿ. ಐಫೋನ್ ಬಂದು ಆಗಲೇ ನಾಲ್ಕು ವರ್ಷ ಆಗಿತ್ತು!

ಸಿಂಬಿಯನ್ ಹುಟ್ಟಿದಾಗ ಕೆಟ್ಟ ಸಾಫ್ಟ್‌ವೇರ್ ಆಗಿರಲಿಲ್ಲ. ಬ್ರಿಟನ್ನಿನ ಸೈಯಾನ್ ಕಂಪನಿ ತನ್ನ ಅಂಗೈ ಕಂಪ್ಯೂಟರುಗಳಿಗೆ ಮಾಡಿದ ಎಪಾಕ್ ಸಾಫ್ಟ್‌ವೇರಿನಿಂದ ಬೆಳೆದದ್ದು, 1998ರಲ್ಲಿ ನೋಕಿಯಾ, ಎರಿಕ್ಸನ್, ಮೊಟೊರೊಲಾ ಸೈಯಾನ್ ಜೊತೆ ಸೇರಿ ಅದಕ್ಕೆ ಒಂದು ಕಂಪನಿ ಮಾಡಿದವು. ಆಗ ಮೆಮೊರಿ ಅಂದರೆ ಚಿನ್ನ. ಒಂದೊಂದು ಬೈಟ್ ಲೆಕ್ಕ ಇಟ್ಟು ಬರೆದ ವ್ಯವಸ್ಥೆ ಅದು, ಅದಕ್ಕೇ ಬರೀ 64 ಎಂಬಿ ರ್‍ಯಾಮ್ ಇಟ್ಟುಕೊಂಡು ನೋಕಿಯಾದ ಎನ್95 ಫೋನ್ ಜಿಪಿಎಸ್, ವೈಫೈ, 5 ಮೆಗಾಪಿಕ್ಸೆಲ್ ಕ್ಯಾಮೆರಾ ಎಲ್ಲವನ್ನೂ ನಡೆಸಿತು. ಆದರೆ ಆ ಉಳಿತಾಯದ ಭಾರ ಹೊತ್ತವರು ಆಪ್ ಬರೆಯುವವರು. ಪ್ರೋಗ್ರಾಂ ಬರೆಯುವ ಮಾಮೂಲಿ ಸಿ++ ಭಾಷೆ ಗೊತ್ತಿದ್ದರೆ ಸಾಲದು. ಒಂದು ಸಾಲು ಅಕ್ಷರ ಇಟ್ಟುಕೊಳ್ಳಲೂ ಡಿಸ್ಕ್ರಿಪ್ಟರ್ ಅನ್ನುವ ಬೇರೆ ಪದ್ಧತಿ, ಮೆಮೊರಿ ಸೋರದಂತೆ ನೋಡಿಕೊಳ್ಳಲು ಕ್ಲೀನಪ್ ಸ್ಟ್ಯಾಕ್, ಇದೆಲ್ಲ ಕಲಿತು ಆಪ್ ಮುಗಿಸಿದ ಮೇಲೆ ಅದಕ್ಕೆ ಡಿಜಿಟಲ್ ಸಹಿ ಹಾಕಿಸುವ ಕೆಲಸ ಬೇರೆ. ಮೆಮೊರಿ ಅಗ್ಗವಾದ ಮೇಲೂ ಈ ಕಷ್ಟ ಹೋಗಲಿಲ್ಲ.

ನನ್ನ ದೊಡ್ಡ ದೂರು ಇಲ್ಲಿದೆ. ನಿಧಾನವಾಗಿದ್ದರೂ ಜನ ಸಹಿಸಿಕೊಳ್ಳುತ್ತಿದ್ದರು, ಆದರೆ ನೋಕಿಯಾ ತನ್ನನ್ನು ನಂಬಿದವರಿಂದ ಮತ್ತೆ ಮತ್ತೆ ಮೊದಲಿನಿಂದ ಶುರು ಮಾಡಿಸಿತು. ಸಿಂಬಿಯನ್ ಮೇಲೆ ನೋಕಿಯಾ ಕಟ್ಟಿದ ಎಸ್60ರ ಮೂರನೇ ಆವೃತ್ತಿ ಬಂದಾಗ ಹಳೆಯ ಆಪ್‌ಗಳು ಓಡಲಿಲ್ಲ. 2008ರಲ್ಲಿ ಟ್ರೋಲ್‌ಟೆಕ್ ಕಂಪನಿಯನ್ನು ಕೊಂಡು, ಇನ್ನು ಮುಂದೆ ಅದರ ಆಪ್ ಬರೆಯುವ ಸಾಧನ ಕ್ಯೂಟಿ ಕಲಿಯಿರಿ, ಸಿಂಬಿಯನ್‌ಗೂ ಮುಂದೆ ಬರುವ ಮೀಗೋ ಅನ್ನುವ ಹೊಸ ವ್ಯವಸ್ಥೆಗೂ ಅದೇ ಆಗುತ್ತದೆ ಅಂತ ಹೇಳಿದರು. ಕ್ಯೂಟಿ ನಿಜಕ್ಕೂ ಚೆನ್ನಾಗಿತ್ತು, ಜನ ಕಲಿತರು ಕೂಡ. 2011ರ ಫೆಬ್ರವರಿಯಲ್ಲಿ ಹೊಸ ಸಿಇಒ ಸ್ಟೀಫನ್ ಎಲಾಪ್ ಇನ್ನು ಮೈಕ್ರೋಸಾಫ್ಟಿನ ವಿಂಡೋಸ್ ಫೋನ್ ಅಂದರು. ಅದರಲ್ಲಿ ಕ್ಯೂಟಿಗೆ ಜಾಗವೇ ಇರಲಿಲ್ಲ. ಅಷ್ಟು ಜನರ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸರಿ ಅಂತ ವಿಂಡೋಸ್ ನಂಬಿ ಲೂಮಿಯಾ 900 ಕೊಂಡವರಿಗೆ ಕೆಲವೇ ತಿಂಗಳಲ್ಲಿ, ನಿಮ್ಮ ಫೋನಿಗೆ ವಿಂಡೋಸ್ ಫೋನ್ 8 ಸಿಗುವುದಿಲ್ಲ ಅನ್ನುವ ಸುದ್ದಿ. ಇಷ್ಟಾದ ಮೇಲೆ ಯಾರು ನಂಬುತ್ತಾರೆ ಹೇಳಿ?

ಎಲಾಪ್ ಒಬ್ಬರೇ ಎಲ್ಲ ಹಾಳು ಮಾಡಿದರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಬರುವ ಮುಂಚೆಯೇ ಎನ್97 ಬಂದಿತ್ತು. 32 ಜಿಬಿ ಜಾಗ ಕೊಟ್ಟು ರ್‍ಯಾಮ್ ಬರೀ 128 ಎಂಬಿ ಇಟ್ಟ ಫೋನ್. ಅದರ ಅನುಭವ ನಿರಾಶೆ ತಂದಿತು ಅಂತ ನೋಕಿಯಾದ ದೊಡ್ಡ ಅಧಿಕಾರಿ ಆನ್ಸಿ ವಾನ್ಯೋಕಿ ಅವರೇ ಒಪ್ಪಿಕೊಂಡಿದ್ದರು. ಆದರೆ ಇನ್ನೂ 15 ಕೋಟಿ ಸಿಂಬಿಯನ್ ಫೋನ್ ಮಾರುತ್ತೇವೆ ಅನ್ನುತ್ತಲೇ ಸಿಂಬಿಯನ್‌ಗೆ ಭವಿಷ್ಯ ಇಲ್ಲ ಅಂತಲೂ ಸಾರಿದ್ದು ಎಲಾಪ್ ಕಾಲದ ತಪ್ಪೇ. ಅಂಥ ಫೋನನ್ನು ಯಾರು ಕೊಳ್ಳುತ್ತಾರೆ? ಅದೇ ವರ್ಷ ಬಂದ ಮೀಗೋದ ಎನ್9 ನೋಡಿ, ಮುಂದೆ ಒಂದೂ ಬಟನ್ ಇಲ್ಲ, ಅಂಚಿನಿಂದ ಬೆರಳು ಎಳೆದರೆ ಎಲ್ಲ ಕೆಲಸ ಆಗುತ್ತದೆ. ಒಳ್ಳೆಯ ಸಾಫ್ಟ್‌ವೇರ್ ಮಾಡುವ ಶಕ್ತಿ ಆ ಮನೆಯಲ್ಲೇ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಅದನ್ನು ಬೆಳೆಯಲು ಬಿಡಲಿಲ್ಲ ಅನ್ನುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ.

ಮುಂದಿನದು ಬೇಗ ಬೇಗ ಆಗಿಹೋಯಿತು. 14 ವರ್ಷ ಮೊದಲ ಸ್ಥಾನದಲ್ಲಿದ್ದ ಕಂಪನಿಯನ್ನು 2012ರ ಮೊದಲ ಮೂರು ತಿಂಗಳಲ್ಲಿ ಸ್ಯಾಮ್‌ಸಂಗ್ ದಾಟಿತು. 41 ಮೆಗಾಪಿಕ್ಸೆಲ್‌ನ 808 ಪ್ಯೂರ್‌ವ್ಯೂ ಸಿಂಬಿಯನ್ನಿನ ಕೊನೆಯ ಫೋನ್ ಆಯಿತು, ಅಲ್ಲೂ ಅದೇ ಕಥೆ: ಕ್ಯಾಮೆರಾ ಅದ್ಭುತ, ಸಾಫ್ಟ್‌ವೇರ್ ಹಳೆಯದು. 2014ರ ಏಪ್ರಿಲ್‌ನಲ್ಲಿ ಫೋನ್ ವಿಭಾಗ ಪೂರ್ತಿ ಮೈಕ್ರೋಸಾಫ್ಟ್ ಕೈಗೆ ಹೋಯಿತು, 544 ಕೋಟಿ ಯೂರೋ ಒಪ್ಪಂದಕ್ಕೆ. 2017ರಿಂದ ನೋಕಿಯಾ ಹೆಸರಲ್ಲಿ ಬಂದ ಫೋನುಗಳು ಎಚ್‌ಎಂಡಿ ಅನ್ನುವ ಬೇರೆ ಕಂಪನಿಯವು.

ಹಳೆಯ ಎನ್8 ಎಲ್ಲಾದರೂ ಸಿಕ್ಕರೆ ಕೊಳ್ಳಬಹುದಾ? ದಿನನಿತ್ಯದ ಫೋನ್ ಆಗಿ ಬೇಡ. ವಾಟ್ಸಾಪ್ 2017ರಲ್ಲೇ ನಿಂತಿದೆ, ಅದರ ಬ್ರೌಸರ್‌ನಲ್ಲಿ ಈಗಿನ ಎಷ್ಟೋ ವೆಬ್‌ಸೈಟುಗಳು ತೆರೆಯುವುದಿಲ್ಲ. ಕ್ಯಾಮೆರಾ ಆಗಿ ಮಾತ್ರ ಖಂಡಿತ ತಗೊಳ್ಳಿ. ಆನ್ನಾ ಅಥವಾ ಅದರ ನಂತರದ ಬೆಲ್ ಅಪ್‌ಡೇಟ್ ಹಾಕಿರುವ ಸೆಟ್ಟನ್ನೇ ಹುಡುಕಿ. ಬ್ಯಾಟರಿ ಉಬ್ಬಿದೆಯಾ, ಫ್ಲ್ಯಾಶ್ ಉರಿಯುತ್ತದಾ ನೋಡಿ, ಫೋಟೋಗಳನ್ನು ಯುಎಸ್‌ಬಿ ಕೇಬಲ್‌ನಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.